ಐದು ಅಡಿ ಹಿತ್ತಲು

ನಂಬಿ ಅಂತ ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ರಂಗನಾಥ ನನ್ನ ಹೆಂಡತಿಯ ದೊಡ್ಡಮ್ಮನ ಮಗ. ಸುಳ್ಳು ಕಟ್ಟುವಷ್ಟು ಕಲ್ಪನೆಯನ್ನು ದೇವರು ಅವನಿಗೆ ಕೊಟ್ಟಿಲ್ಲ. ಅವನದು ದಿನವಿಡೀ ನಕ್ಷೆ ನೋಡುವ ಕೆಲಸ. ಹಳೆಯ ಕಾಗದದ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸಿ, ಯಾರ ಜಾಗ ಎಲ್ಲಿಂದ ಎಲ್ಲಿಗೆ ಎಂದು ಕೆಂಪು ಗೆರೆ ಎಳೆಯುವುದು. ಇಂಥವನು ಹೇಳಿದ್ದು ಇದು... ಅದೂ ಒಂದೇ ಸಲ. ಎರಡನೇ ಸಲ ಕೇಳಿದರೆ ಎದ್ದು ಹೋಗುತ್ತಾನೆ.

ಎರಡು ಸಾವಿರದ ಮೂರನೇ ಇಸವಿ. ಡಿಸೆಂಬರ್ ಮೊದಲ ವಾರ. ಇಂಗ್ಲೆಂಡಿನ ಸಾಲ್ಫರ್ಡ್.

ನಡುರಾತ್ರಿ ಅಂದುಕೊಳ್ಳಬೇಡಿ, ಸಂಜೆ ಐದು ಗಂಟೆ ಅಷ್ಟೆ. ಆದರೆ ಮ್ಯಾಂಚೆಸ್ಟರ್ ಕಡೆಯ ಡಿಸೆಂಬರ್ ನಿಮಗೆ ಗೊತ್ತಲ್ಲ, ನಾಲ್ಕಕ್ಕೇ ಕತ್ತಲು. ರಂಗನಾಥ ಬಸ್ಸಿಳಿದು ನದಿಯ ಪಕ್ಕದ ಕಾಲುದಾರಿ ಹಿಡಿದ. ಆ ದಾರಿಯಲ್ಲಿ ಆಲದ ಮರವಿಲ್ಲ, ಹಾಳು ಬಾವಿಯಿಲ್ಲ. ಇರುವುದು ಒಂದು ಕಲ್ಲಿನ ತೊಟ್ಟಿ. ಯಾವುದೋ ಕಾಲದಲ್ಲಿ ಕುದುರೆಗಳಿಗೆ ನೀರು ಕುಡಿಸಲು ಇಟ್ಟದ್ದು. ಈಗ ಅದರ ತುಂಬ ಮಣ್ಣು. ಹೋಗಿ ಬರುವವರು ಚಿಪ್ಸ್ ಪೊಟ್ಟಣ ಎಸೆಯುತ್ತಾರೆ.

ತೊಟ್ಟಿ ದಾಟಿ ಹತ್ತು ಹೆಜ್ಜೆ ಹೋಗಿರಬೇಕು...

ಹಿಂದಿನಿಂದ ನೀರು ಕುಡಿಯುವ ಸದ್ದು. ನಾಯಿ ಲೊಚಲೊಚ ನೆಕ್ಕುತ್ತದಲ್ಲ, ಅದಲ್ಲ. ತುಟಿ ಮುಚ್ಚಿಕೊಂಡು ಹೀರುವ ಸದ್ದು. ಸುರ್‍ರ್... ಸುರ್‍ರ್... ಆಮೇಲೆ ಗಂಟಲಲ್ಲಿ ಗುಳುಕ್. ಆಮೇಲೆ ಫರ್‍ರ್ ಎಂದು ಮೂಗಿನಿಂದ ಬಿಟ್ಟ ದೊಡ್ಡ ಉಸಿರು.

ತಿರುಗಿ ನೋಡಿದ. ತೊಟ್ಟಿ ಇತ್ತು. ಮಣ್ಣು ಇತ್ತು. ಚಿಪ್ಸ್ ಪೊಟ್ಟಣವೂ ಇತ್ತು.

ಬೇಗ ಬೇಗ ಹೆಜ್ಜೆ ಹಾಕಿದ. ಮನೆ ಹತ್ತಿರವೇ. ಕಾಲುದಾರಿ ಅವನ ಹಿತ್ತಲ ಬೇಲಿಯ ಹಿಂದೆಯೇ ಹಾದುಹೋಗುತ್ತದೆ. ಬೇಲಿಯ ಹತ್ತಿರ ಬಂದಾಗ ಇನ್ನೊಂದು ಸದ್ದು. ಯಾರೋ ಕೆಮ್ಮುತ್ತಿದ್ದಾರೆ. ಮೊದಲು ಒಣಕೆಮ್ಮು, ಎರಡು ಸಲ. ಆಮೇಲೆ ಎದೆಯ ತಳದಿಂದ ಎಳೆದು ತಂದ ಗೊರಗೊರ. ಆಮೇಲೆ... ಏನೂ ಇಲ್ಲ. ಉಸಿರು ಒಳಗೆ ತೆಗೆದುಕೊಂಡ ಸದ್ದೇ ಇಲ್ಲ.

ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ಆ ಬೇಲಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ.

ತೊಂಬತ್ತೆಂಟರಲ್ಲಿ ರಂಗನಾಥ ಮತ್ತು ಅವನ ಹೆಂಡತಿ ಜಲಜಾ ಆ ಮನೆ ಕೊಂಡಿದ್ದರು. ಒಂದಕ್ಕೊಂದು ಅಂಟಿಕೊಂಡ ಮೂರು ಇಟ್ಟಿಗೆ ಮನೆಗಳಲ್ಲಿ ನಡುವಿನದು. ಮೂರಕ್ಕೂ ಹಿಂದೆ ಒಂದೇ ಅಳತೆಯ ಹಿತ್ತಲು, ಮನೆಯ ಗೋಡೆಯಿಂದ ಮೂವತ್ತೊಂದು ಅಡಿ. ಅದರಾಚೆ ನದಿಯವರೆಗೆ ಹುಲ್ಲು ಮತ್ತು ಆ ಕಾಲುದಾರಿ. ಆ ಹುಲ್ಲಿನ ಪಟ್ಟಿ ರಂಗನಾಥನ ಆಫೀಸಿನ ನಕ್ಷೆಯಲ್ಲಿ ಬೆಳ್ಳಗಿತ್ತು. ಸುತ್ತ ಎಲ್ಲಾ ಕೆಂಪು ಗೆರೆ, ಅದಕ್ಕೆ ಮಾತ್ರ ಇಲ್ಲ. ಯಾರ ಹೆಸರಲ್ಲೂ ಇಲ್ಲ.

ಬೆಂಗಳೂರಿನ ನೀರು ಕುಡಿದವನಿಗೆ ಒತ್ತುವರಿ ಹೇಳಿಕೊಡಬೇಕೆ? ಎರಡು ಸಾವಿರದಲ್ಲಿ ಗಾಳಿಗೆ ಬೇಲಿ ಬಿತ್ತು. ಮತ್ತೆ ನಿಲ್ಲಿಸುವಾಗ ಎರಡಡಿ ಆಚೆ ನಿಲ್ಲಿಸಿದ. ಯಾರೂ ಕೇಳಲಿಲ್ಲ. ಮರುವರ್ಷ ಇನ್ನೆರಡು. ಎರಡು ಸಾವಿರದ ಮೂರರ ವಸಂತದಲ್ಲಿ ಇನ್ನೊಂದು, ಕಂಬಗಳಿಗೆ ಕಾಂಕ್ರೀಟು ಸುರಿದು. ಒಟ್ಟು ಐದು. ಅಕ್ಕಪಕ್ಕದ ಬೇಲಿಗಳು ಒಂದೇ ಸಾಲಿನಲ್ಲಿದ್ದರೆ ಇವನದೊಂದು ಉಬ್ಬುಹಲ್ಲಿನ ಹಾಗೆ ಮುಂದೆ. ಬಲಗಡೆ ಮನೆಯಲ್ಲಿದ್ದವರು ಕಾಲೇಜು ಹುಡುಗರು, ಹಿತ್ತಲಲ್ಲಿ ಆನೆ ಕಟ್ಟಿದರೂ ಅವರಿಗೆ ತಿಳಿಯುತ್ತಿರಲಿಲ್ಲ.

"ಬೇಲಿಯೇ ಎದ್ದು ಹೊಲ ಮೇಯ್ದಂಗಾಯ್ತು ನಿಮ್ಮ ಕತೆ" ಅಂದಿದ್ದಳು ಜಲಜಾ. "ಗೆರೆ ಎಳೆಯೋರೇ ಗೆರೆ ದಾಟೋದಾ?"

"ಯಾರದೂ ಅಲ್ಲದ ಜಾಗ ಕಣೇ. ನಾಲ್ಕು ಮಡಿ ದಂಟಿನ ಸೊಪ್ಪು ಆಗುತ್ತೆ, ಬಿಡು."

ಹೀಗಂದವನು ಯಾರು ಗೊತ್ತೆ? ಮರಿಯಪ್ಪನವರ ಮಗ. ಮರಿಯಪ್ಪನವರ ಸೈಟಿನಲ್ಲಿ ಪಕ್ಕದವನೊಬ್ಬ ನಾಲ್ಕಡಿ ಒತ್ತಿ ಗೋಡೆ ಎಬ್ಬಿಸಿದ. ಆ ನಾಲ್ಕಡಿಗೆ ಮರಿಯಪ್ಪನವರು ಹತ್ತೊಂಬತ್ತು ವರ್ಷ ಕೋರ್ಟಿಗೆ ಅಲೆದರು. ಚಪ್ಪಲಿ ಸವೆಯಿತು, ಆಯಸ್ಸೂ ಸವೆಯಿತು. ಕೊನೆಗೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಗನ ಕೈ ಹಿಡಿದು ಅವರು ಹೇಳಿದ್ದು ಇಷ್ಟೇ: "ಜಾಗ ಹೋಗ್ಲಿ. ತಪ್ಪಾಯ್ತು ಅಂತ ಒಂದು ಮಾತು ಅವನ ಬಾಯಲ್ಲಿ ಬರಲಿಲ್ಲವಲ್ಲೋ." ನೊಂದವನಿಗೆ ನೋವು ಗೊತ್ತಿರುತ್ತದೆ ಅನ್ನುತ್ತಾರೆ. ಗೊತ್ತಿರುತ್ತದೆ. ಆದರೂ ಮಾಡುತ್ತಾನೆ. ಇದಕ್ಕೆ ನನಗೆ ಇವತ್ತಿಗೂ ಅವನ ಮೇಲೆ ಸಿಟ್ಟಿದೆ.

ಇನ್ನೊಂದು ಮಾತು. ಎಡಗಡೆ ಮನೆಯಲ್ಲಿ ಐವಿ ಅಂತ ಒಬ್ಬಳು ಮುದುಕಿ. ಎಂಬತ್ತು ದಾಟಿದವಳು, ಅಲ್ಲೇ ಹುಟ್ಟಿ ಬೆಳೆದವಳು. ವಸಂತದಲ್ಲಿ ಇವನು ಕೊನೆಯ ಸಲ ಬೇಲಿ ಸರಿಸುವಾಗ ಅವಳು ಟೀ ಲೋಟ ಹಿಡಿದು ನೋಡುತ್ತಿದ್ದಳು. "ನಿಮಗಿಂತ ಮುಂಚೆ ಇಲ್ಲಿ ಇಂಡಿಯನ್ಸ್ ಇದ್ದರು, ಲವ್" ಅಂದಳು. "ಒಂದು ಚಳಿಗಾಲ ಪೂರ್ತಿ."

"ಹೌದಾ? ಈಗೆಲ್ಲಿದ್ದಾರೆ?"

"ಎಲ್ಲಾ ಹೋದರು. ಒಬ್ಬನ್ನ ಬಿಟ್ಟು."

ರಂಗನಾಥ ಒಳಗೆ ಬಂದು ಹೆಂಡತಿಗೆ ಹೇಳಿದ. "ಯಾರೋ ಗುಜರಾತಿಗಳು ಇದ್ದರಂತೆ. ಒಬ್ಬ ಇಲ್ಲೇ ಉಳಿದುಬಿಟ್ಟನಂತೆ. ವೀಸಾ ಮುಗಿದಿರಬೇಕು, ಪಾಪ."

ಈಗ ಡಿಸೆಂಬರ್‌ಗೆ ಬನ್ನಿ. ಬೇಲಿಯ ಹತ್ತಿರ ಕೆಮ್ಮು ಕೇಳಿದಾಗ ಅವನಿಗೆ ಮೊದಲು ಹೊಳೆದದ್ದು ಅದೇ. ಆ ವೀಸಾ ಮುಗಿದವನು. ನಮ್ಮವನೇ. ಈ ಚಳಿಯಲ್ಲಿ ಹೊರಗೆ ಮಲಗುತ್ತಿದ್ದಾನೆ.

"ಭಾಯಿ... ಕೌನ್ ಹೈ?" ಮೆಲ್ಲಗೆ ಕೇಳಿದ.

ಗುಜರಾತಿಯಲ್ಲೂ ಕೇಳಿ ನೋಡಿದ.

"ಕೇಮ್ ಛೋ?"

ಆಗ ಶುರುವಾಯಿತು. ಟಕ್. ಟಕ್. ಟಕ್. ಮರದ ಮೇಲೆ ಮರದ ಏಟು. ಮೂರು ಏಟು, ಒಂದು ನಿಲುಗಡೆ. ಮತ್ತೆ ಮೂರು. ಯಾರೋ ನೆಲಕ್ಕೆ ಗೂಟ ಹೊಡೆಯುತ್ತಿದ್ದಾರೆ... ಬೇಲಿಯ ಬುಡದಲ್ಲಿ... ಅಲ್ಲಿ ಯಾರೂ ಇಲ್ಲ.

ಮನೆಗೆ ಓಡಿ ಬಂದ. ಹೆಂಡತಿಗೆ ಅರ್ಧ ಹೇಳಿದ, ಅರ್ಧ ನುಂಗಿಕೊಂಡ. ಜಲಜಾ ನಮ್ಮ ಕಡೆಯ ಹೆಂಗಸು, ಹಸಿದವನು ಅಂದರೆ ಸಾಕು. ಸ್ಟೀಲ್ ಡಬ್ಬಿಗೆ ಚಿತ್ರಾನ್ನ ತುಂಬಿ ಬೇಲಿಯ ಒಳಬದಿಯಲ್ಲಿ, ಬುಡಕ್ಕೆ ತಾಗಿಸಿ ಇಟ್ಟು ಬಂದಳು. "ನಮ್ಮೂರ ಅನ್ನ ಕಂಡು ಎಷ್ಟು ದಿನವಾಗಿರುತ್ತೋ..."

ಬೆಳಿಗ್ಗೆ ನೋಡಿದರೆ ಡಬ್ಬಿ ಇಟ್ಟಲ್ಲೇ ಇತ್ತು. ಬೇಲಿ ಇಟ್ಟಲ್ಲಿ ಇರಲಿಲ್ಲ.

ಡಬ್ಬಿ ಈಗ ಬೇಲಿಯ ಹೊರಗಿತ್ತು. ಬೇಲಿ ಒಂದಡಿ ಮನೆಯ ಕಡೆಗೆ ಬಂದು ನಿಂತಿತ್ತು. ಕಾಂಕ್ರೀಟಿನ ಸಮೇತ. ಸುತ್ತ ಮಣ್ಣು ಅಗೆದ ಗುರುತಿಲ್ಲ, ಹುಲ್ಲಿನ ಮೇಲೆ ಮಂಜು ಕೂತದ್ದು ಕೂತ ಹಾಗೇ.

ರಂಗನಾಥ ಕೌನ್ಸಿಲ್‌ಗೆ ಫೋನು ಮಾಡಿದ. "ಆ ಜಾಗ ನಮ್ಮ ಲೆಕ್ಕದಲ್ಲೇ ಇಲ್ಲ ಸರ್, ನಾವು ಯಾರನ್ನೂ ಕಳಿಸಿಲ್ಲ" ಅಂದರು. ಹೆದರಿದನೆ? ಇಲ್ಲ, ರೇಗಿದ. ಶನಿವಾರ ಹಾರೆ ಹಿಡಿದು ಅಗೆದು, ಬೇಲಿಯನ್ನು ಮತ್ತೆ ಒಂದಡಿ ಆಚೆ ತಳ್ಳಿ ನಿಲ್ಲಿಸಿದ.

ಅವತ್ತು ರಾತ್ರಿ ಮಗು ಕೆಮ್ಮಲು ಶುರುಮಾಡಿತು.

ಸಂಯುಕ್ತಾ, ಆರು ವರ್ಷದವಳು. ಮನೆಯ ಹಿಂಭಾಗದ ಕೋಣೆಯಲ್ಲಿ, ಹಿತ್ತಲ ಕಿಟಕಿಯ ಕೆಳಗೆ ಅವಳ ಮಂಚ. ಮೊದಲು ಒಣಕೆಮ್ಮು, ಎರಡು ಸಲ. ಆಮೇಲೆ ಗೊರಗೊರ. ಆಮೇಲೆ ಏನೂ ಇಲ್ಲ... ಎಷ್ಟು ಹೊತ್ತು ಅಂದರೆ, ತಾಯಿ ಹಿಡಿದು ಅಲ್ಲಾಡಿಸಿದ ಮೇಲೆಯೇ ಉಸಿರು.

ಭಾನುವಾರ ಬೆಳಿಗ್ಗೆ ಬೇಲಿ ಎರಡಡಿ ಒಳಗಿತ್ತು. ಸೋಮವಾರ ನಾಲ್ಕು. ಮಂಗಳವಾರ ಅಕ್ಕಪಕ್ಕದ ಬೇಲಿಗಳ ಸಾಲಿಗೆ, ಕಾಗದದಲ್ಲಿದ್ದ ಮೂವತ್ತೊಂದು ಅಡಿಗೆ ಸರಿಯಾಗಿ ಬಂದು ನಿಂತಿತು. ಮುಗಿಯಿತಲ್ಲ ಅಂದುಕೊಂಡರು. ಬುಧವಾರ ಇಪ್ಪತ್ತೊಂಬತ್ತು.

ಈಗ ಅವನ ಸ್ವಂತದ್ದು ಹೋಗುತ್ತಿತ್ತು. ಬೇಲಿ ಹತ್ತಿರ ಬಂದಷ್ಟೂ ಮಗುವಿನ ಕೆಮ್ಮು ಜಾಸ್ತಿ. ಕತ್ತಲಾಗುವುದೇ ತಡ, ಹೊರಗೊಂದು ಕೆಮ್ಮು, ಒಳಗೊಂದು ಕೆಮ್ಮು. ಸವಾಲು ಜವಾಬಿನ ಹಾಗೆ. ನಡುವೆ ಗೂಟದ ಏಟು.

"ಯಾರು ಪುಟ್ಟಿ ಅದು? ಯಾರಾದ್ರೂ ಕಾಣ್ತಾರಾ?" ಜಲಜಾ ಪಿಸುಗುಟ್ಟಿದಳು.

"ದಿ ಮ್ಯಾನ್ ಈಸ್ ಕೋಲ್ಡ್, ಮಮ್ಮಿ" ಅಂತು ಮಗು. "ದೇರ್ ಈಸ್ ನೋ ರೂಮ್."

ಗುರುವಾರ ಸಂಜೆ ಫರೀದಾ ಬಂದಳು. ವಿಜಾಪುರದವಳು, ಮ್ಯಾಂಚೆಸ್ಟರಿನಲ್ಲಿ ಡಾಕ್ಟರು, ಜಲಜಾಳ ಗೆಳತಿ. ದೆವ್ವ ಗಿವ್ವ ಅಂದರೆ ನಕ್ಕುಬಿಡುವ ಹೆಂಗಸು. ಮಗುವಿನ ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟಳು. "ಶ್ವಾಸ ಕ್ಲಿಯರ್ ಇದೆ, ಜಲಜಾ. ಇಷ್ಟು ಕೆಮ್ಮೋ ಮಗುವಿನ ಎದೆ ಹೀಗಿರೋಕೆ ಸಾಧ್ಯಾನೇ ಇಲ್ಲ." ಮುಂದೆ ಎದೆಗೆ ಇಟ್ಟಳು. ಇಟ್ಟವಳು ಹಾಗೇ ಕೂತುಬಿಟ್ಟಳು.

"ಏನಾಯ್ತು?" ರಂಗನಾಥ ಕೇಳಿದ.

ಅವಳು ತನ್ನ ಕಿವಿಯಿಂದ ತೆಗೆದು ಅವನ ಕಿವಿಗೆ ಹಾಕಿದಳು.

ಟಕ್. ಟಕ್. ಟಕ್... ನಿಲುಗಡೆ. ಟಕ್. ಟಕ್. ಟಕ್.

"ಅದು ಹಾರ್ಟ್ ಅಲ್ಲ, ರಂಗಣ್ಣ" ಫರೀದಾ ಉಸುರಿದಳು. "ಅಲ್ಲಾನ ಆಣೆಗೂ ಅಲ್ಲ. ಇವಳನ್ನ ಈಗಲೇ ಆಸ್ಪತ್ರೆಗೆ ಕರ್‍ಕೊಂಡು ಹೋಗ್ತೀನಿ. ಆದ್ರೆ ಅಲ್ಲಿ ಏನಂತ ಬರೀಲಿ ನಾನು?"

ಜಲಜಾ ಗಂಡನ ಕಡೆ ತಿರುಗಿದಳು. ಅಳುತ್ತಿರಲಿಲ್ಲ. "ಆ ಮುದುಕೀನ ಕೇಳಿ ಬನ್ನಿ. ಅವನು ಯಾರು ಅಂತ ಕೇಳಿ ಬನ್ನಿ. ನನ್ನ ಮಗು ಹೋದರೆ ನಿಮ್ಮ ಸೊಪ್ಪಿನ ಮಡೀಲೇ ನನ್ನನ್ನೂ ಹೂಳಿ."

ರಂಗನಾಥ ಐವಿಯ ಬಾಗಿಲು ತಟ್ಟಿದ.

ಅವಳು ಬಿಸ್ಕತ್ತಿನ ಡಬ್ಬಿ ತೆರೆದು ಅದರ ತಳದಿಂದ ಒಂದು ಹಳೆಯ ಚಿತ್ರ ತೆಗೆದಳು. ಅವಳ ಅಜ್ಜಿ ಚಿಕ್ಕವಳಿದ್ದಾಗ ಕೊಂಡದ್ದಂತೆ. ಕೆಸರಿನ ಬಯಲು, ಹಿಂದೆ ಗಿರಣಿಯ ಹೊಗೆಗೂಡು. ಮುಂದೆ ಕಂಬಳಿ ಹೊದ್ದ ಗಂಡಸರು, ಉದ್ದ ಜಡೆ, ಜಡೆಯಲ್ಲಿ ಗರಿ. ಅವರ ಹಿಂದೆ ಶಂಕುವಿನ ಆಕಾರದ ಗುಡಾರಗಳು.

"ಇಂಡಿಯನ್ಸ್" ಅಂದಳು ಐವಿ.

"ಇವರು ನಮ್ಮವರಲ್ಲ!"

"ನಿಮ್ಮವರು ಅಂತ ನಾನು ಯಾವಾಗ ಅಂದೆ, ಲವ್?"

ಆಮೇಲೆ ಅವಳು ಹೇಳಿದ್ದನ್ನು ರಂಗನಾಥ ನನಗೆ ಹೇಳಿದ ಹಾಗೆಯೇ ಹೇಳುತ್ತೇನೆ. ನೂರ ಹದಿನಾರು ವರ್ಷದ ಹಿಂದೆ ಅಮೆರಿಕದಿಂದ ಒಂದು ದೊಡ್ಡ ಪ್ರದರ್ಶನದ ಕಂಪನಿ ಬಂದು ಚಳಿಗಾಲವಿಡೀ ಈ ನದಿ ದಂಡೆಯಲ್ಲಿ ಬೀಡುಬಿಟ್ಟಿತ್ತು. ಜೊತೆಗೆ ಕುದುರೆ, ಕಾಡೆಮ್ಮೆ, ಈ ಜನ. ಅಮೆರಿಕದ ಮೂಲ ಜನ, ಲಕೋಟ ಅಂತ ಅವರ ಹೆಸರು, ಬಿಳಿಯರ ಬಾಯಲ್ಲಿ ಇಂಡಿಯನ್ಸ್. ಅವರಿಗೊಂದು ಬೆಟ್ಟಸಾಲು ಇತ್ತು, ದೇವರಿದ್ದ ಬೆಟ್ಟ. ಇದು ನಿಮ್ಮದೇ, ಯಾರೂ ಕಾಲಿಡುವುದಿಲ್ಲ ಅಂತ ಅಮೆರಿಕದ ಸರಕಾರ ಕಾಗದ ಬರೆದುಕೊಟ್ಟಿತ್ತು. ಬೆಟ್ಟದಲ್ಲಿ ಚಿನ್ನ ಸಿಕ್ಕಿತು. ಬಿಳಿಯರು ಬಂಡಿ ಕಟ್ಟಿಕೊಂಡು ಬಂದರು. ಇವರು ಕಾದಾಡಿದರು, ಒಂದು ದೊಡ್ಡ ಕಾಳಗ ಗೆದ್ದರು, ಆಮೇಲೆ ಎಲ್ಲವನ್ನೂ ಕಳೆದುಕೊಂಡರು. ಕಾಗದಕ್ಕೆ ಒಂಬತ್ತು ವರ್ಷ ತುಂಬುವಷ್ಟರಲ್ಲಿ ಬೆಟ್ಟ ಹೋಯಿತು. ಗೆರೆ ಪಶ್ಚಿಮಕ್ಕೆ ಸರಿಯುತ್ತಲೇ ಹೋಯಿತು.

"ಆಮೇಲೆ ಹೊಟ್ಟೆಪಾಡಿಗೆ ಬಿಳಿಯರ ಜೊತೆ ಕಾದಾಡೋ ಈ ಆಟ" ಅಂದಳು ಐವಿ. "ಮಧ್ಯಾಹ್ನ ಒಂದು ಸಲ ಸೋಲೋದು, ಸಂಜೆ ಒಂದು ಸಲ ಸೋಲೋದು. ನನ್ನಜ್ಜಿ ಚಪ್ಪಾಳೆ ತಟ್ಟಿದ್ದಳಂತೆ. ಸಾಯೋತನಕ ಅದಕ್ಕೆ ನಾಚಿಕೊಳ್ಳುತ್ತಿದ್ದಳು. ಒಬ್ಬ ಹುಡುಗನಿಗೆ ಎದೆರೋಗ ಬಂತು. ಇಲ್ಲೇ, ಗುಡಾರದಲ್ಲಿ ಕೆಮ್ಮೀ ಕೆಮ್ಮೀ ಸತ್ತ. ಉಳಿದವರು ವಸಂತದಲ್ಲಿ ಗುಡಾರ ಕಿತ್ತುಕೊಂಡು ಹೋದರು. ಅವನನ್ನ ಎಲ್ಲಿಟ್ಟರು ಅಂತ ಯಾರಿಗೂ ಗೊತ್ತಿಲ್ಲ."

"ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದೆನಲ್ಲ. ನೀವು ಬೇಲಿ ಸರಿಸೋದ್ರಲ್ಲಿದ್ದಿರಿ."

ರಂಗನಾಥ ಹೊರಗೆ ಬಂದ. ಫರೀದಾಳ ಕಾರು ಶುರುವಾಗುವ ಸದ್ದು. ಮಗುವನ್ನು ಕಂಬಳಿಯಲ್ಲಿ ಸುತ್ತಿ ಜಲಜಾ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಕೆಮ್ಮು ಇಲ್ಲ. ಉಸಿರಿನ ನಡುವಿನ ನಿಲುಗಡೆ ಮಾತ್ರ ಉದ್ದವಾಗುತ್ತಿತ್ತು. "ಒಂದು ನಿಮಿಷ" ಅಂದ ರಂಗನಾಥ. "ಒಂದೇ ನಿಮಿಷ." ಹಿತ್ತಲಿಗೆ ಓಡಿದ.

ಬೇಲಿ ಇಪ್ಪತ್ತೇಳು ಅಡಿಗೆ ಬಂದಿತ್ತು. ಅದರಾಚೆ ಕತ್ತಲು, ನದಿಯ ಮಂಜು.

ಯಾವ ಭಾಷೆಯಲ್ಲಿ ಮಾತಾಡುವುದು? ಹಿಂದಿ ಆಗಿತ್ತು, ಗುಜರಾತಿಯೂ ಆಗಿತ್ತು. ಇಂಗ್ಲಿಷ್ ಬಾಯಿಗೆ ಬಂತು, ಆದರೆ ಆ ಸತ್ತ ಹುಡುಗನ ಜಾಗ ಕಿತ್ತುಕೊಂಡದ್ದೇ ಆ ಭಾಷೆಯ ಕಾಗದ. ರಂಗನಾಥ ಹಸಿಹುಲ್ಲಿನ ಮೇಲೆ ಮಂಡಿಯೂರಿದ. ಕನ್ನಡದಲ್ಲೇ ಹೇಳಿದ.

"ತಪ್ಪಾಯ್ತು."

ಟಕ್. ಟಕ್. ಟಕ್.

"ಯಾರದೂ ಅಲ್ಲ ಅಂದ್ಕೊಂಡೆ. ನಕ್ಷೆಯಲ್ಲಿ ಬೆಳ್ಳಗಿತ್ತು. ನಮ್ಮಪ್ಪನ ಜಾಗ ಒತ್ತಿದೋನೂ ಹಿಂಗೇ ಏನೋ ಅಂದ್ಕೊಂಡಿರ್ತಾನೆ... ತಪ್ಪಾಯ್ತು. ತಗೊಂಡ ಐದಡಿ ಬಿಟ್ಟೆ. ತಪ್ಪುಕಾಣಿಕೆ ಅಂತ ನನ್ನದರಲ್ಲಿ ಇನ್ನೈದಡಿ ನೀನಿಟ್ಕೋ. ನಾನಾಗಿ ಕೊಡ್ತಿದೀನಿ. ಮಲಗು. ಕಾಲು ಚಾಚಿ ಮಲಗು. ನನ್ನ ಮಗೂನ ಬಿಡು."

ಅಳುತ್ತಿದ್ದ. ಮಗಳಿಗಾಗಿ ಅಳುತ್ತಿದ್ದನೋ, ಹತ್ತೊಂಬತ್ತು ವರ್ಷ ಈ ಒಂದು ಮಾತಿಗೆ ಕಾದು ಸತ್ತ ಅಪ್ಪನಿಗಾಗಿಯೋ, ಅವನಿಗೇ ಗೊತ್ತಿಲ್ಲ.

ಬೇಲಿಯಾಚೆ ಯಾರೋ ಉದ್ದಕ್ಕೆ ಉಸಿರೆಳೆದುಕೊಂಡರು. ಈ ಹತ್ತು ದಿನದಲ್ಲಿ ಮೊದಲ ಸಲ ಕೇಳಿದ ಒಳಉಸಿರು.

ಟಕ್. ಒಂದೇ ಏಟು.

ಆಮೇಲೆ ರಸ್ತೆಯ ಕಡೆಯಿಂದ ಜಲಜಾಳ ಕೂಗು. ರಂಗನಾಥ ಎದ್ದು, ಬಿದ್ದು, ಓಡಿ ಕಾರಿನ ಬಾಗಿಲು ತೆಗೆದ. ಮಗು ಕಣ್ಣುಬಿಟ್ಟು ಕೂತಿತ್ತು. ಹಸಿವು ಅಂತು. ಅಷ್ಟಾದರೂ ಫರೀದಾ ಆಸ್ಪತ್ರೆಗೆ ಕರೆದೊಯ್ದು ಎಲ್ಲಾ ಪರೀಕ್ಷೆ ಮಾಡಿಸಿದಳು. ಏನೂ ಇಲ್ಲ ಅಂದರು. ಆಮೇಲೆ ಆ ಹುಡುಗಿಗೆ ಒಂದು ನೆಗಡಿ ಬಂದದ್ದೂ ನಾನು ಕಾಣೆ.

ಭಾನುವಾರ ರಂಗನಾಥ ಬೇಲಿ ಪೂರ್ತಿ ಕಿತ್ತ. ಐವಿಯ ಕಂಬದಿಂದ ಕಾಲೇಜು ಹುಡುಗರ ಕಂಬಕ್ಕೆ ದಾರ ಬಿಗಿದು, ದಾರದ ಗುಂಟ, ಕಾಗದದಲ್ಲಿದ್ದ ಗೆರೆಯ ಮೇಲೆಯೇ ಹೊಸ ಬೇಲಿ ನಿಲ್ಲಿಸಿದ. ಕೊಟ್ಟ ಐದಡಿಗೆ ನಾನು ಗೆರೆ ಎಳೆಯಲ್ಲ ಅಂದ. ಅದು ಮತ್ತೆ ಅಲುಗಲಿಲ್ಲ.

ಎರಡು ಸಾವಿರದ ಏಳರಲ್ಲಿ ಅವನಿಗೆ ಕೊವೆಂಟ್ರಿಯಲ್ಲಿ ಕೆಲಸವಾಗಿ ಮನೆ ಮಾರಿದರು. ಅಳೆಯಲು ಒಬ್ಬ ಬಂದ. ಅಳೆದ. ತಲೆ ಕೆರೆದುಕೊಂಡ. ಮತ್ತೆ ಅಳೆದ. ಟೇಪು ಸರಿಯಿಲ್ಲ ಅಂತ ಅಂಗಡಿಗೆ ಹೋಗಿ ಹೊಸದು ತಂದ. ರಂಗನಾಥ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. "ಎಷ್ಟು ಬರುತ್ತೋ ಅಷ್ಟೇ ಬರ್‍ಕೊಳ್ಳಿ" ಅಂದ, ಅಷ್ಟೆ.

ನನಗೂ ನಂಬಿಕೆ ಬರಲಿಲ್ಲ. ಸಾಮಾನು ಸಾಗಿಸಲು ಹೋಗಿದ್ದ ದಿನ ನಾನೇ ಟೇಪು ಹಿಡಿದೆ, ಇನ್ನೊಂದು ತುದಿ ನನ್ನ ಹೆಂಡತಿ ಹಿಡಿದಳು, ಕೇಳಿ ಬೇಕಾದರೆ. ಮೂರು ಮನೆಯ ಹಿಂದಿನ ಗೋಡೆ ಒಂದೇ ಸಾಲು. ಮೂರು ಬೇಲಿ ಒಂದೇ ಸಾಲು, ದಾರ ಹಿಡಿದು ನೋಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಐವಿಯ ಹಿತ್ತಲು ಮೂವತ್ತೊಂದು ಅಡಿ. ಬಲಗಡೆಯದು ಮೂವತ್ತೊಂದು ಅಡಿ.

ನಡುವಿನದು ಇಪ್ಪತ್ತಾರು.